ಮಕ್ಕಳು ಕೇಳಿದ ಹಾಡು: ಗಡಿನಾಡಿನ ನೂರು ವರ್ಷ

ಮಕ್ಕಳ ಮನಸ್ಸನ್ನು ಕುರಿತ ಮಾತುಕತೆ ಎಲ್ಲಿ ನಡೆದರೂ ತಂದೆತಾಯಿಗಳಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ. "ನಮ್ಮ ಹುಡುಗ ಇಡೀ ದಿನ ಅದೇನೋ ಹಾಡು ಕೇಳುತ್ತಾನೆ. ಕಿವಿಗೆ ಸಿಕ್ಕಿಸಿಕೊಂಡನೆಂದರೆ ಕರೆದರೂ ಓ ಅನ್ನುವುದಿಲ್ಲ. ಅವನ ಮನಸ್ಸಿನಲ್ಲಿ ಏನಿದೆ?" ಕಿರುತೆರೆಯ ಮೇಲೆ ಇಂಥ ಪ್ರಶ್ನೆಗೆ ಸಿಗುವ ಹೊತ್ತು ಎರಡೋ ಮೂರೋ ನಿಮಿಷ. ತಜ್ಞರು ತಮಗೆ ತಿಳಿದದ್ದನ್ನು ಹೇಳುವಷ್ಟರಲ್ಲಿ ಕಾರ್ಯಕ್ರಮ ಮುಗಿದಿರುತ್ತದೆ. ಆದರೆ ಈ ಪ್ರಶ್ನೆಗೆ ಮನಶ್ಶಾಸ್ತ್ರದ ಉತ್ತರವೊಂದೇ ಅಲ್ಲ, ಒಂದು ಚರಿತ್ರೆಯೂ ಇದೆ. ಮಕ್ಕಳು ಹಿಂದೆ ಏನನ್ನು ಕೇಳುತ್ತಿದ್ದರು, ಎಲ್ಲಿ ಕೂತು ಕೇಳುತ್ತಿದ್ದರು, ಅವರು ಕೇಳುವುದನ್ನು ಹಿರಿಯರು ಹೇಗೆ ಅರ್ಥ ಮಾಡಿಕೊಂಡರು ಎಂಬುದನ್ನು ಸಾವಕಾಶವಾಗಿ ನೋಡಿದರೆ ಇಂದಿನ ತಂದೆತಾಯಿಗಳಿಗೆ ಉಪಯೋಗವಾದೀತು.

ಇದಕ್ಕೆ ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಮಹಾರಾಷ್ಟ್ರದ ಕಾಗಲ ದಾಟಿ ಕರ್ನಾಟಕಕ್ಕೆ ಕಾಲಿಟ್ಟರೆ ಸಿಗುವ ಊರು ಕೊಗನೊಳ್ಳಿ. ಹಿಂದೆ ಚಿಕ್ಕೋಡಿ ತಾಲ್ಲೂಕು, ಈಗ ನಿಪ್ಪಾಣಿ ತಾಲ್ಲೂಕು. ಪ್ರಯಾಣಿಕರಿಗೆ ಇದು ಟೋಲ್ ನಾಕೆಯ ಹೆಸರು ಮಾತ್ರ. ಇಲ್ಲಿಯ ಮಕ್ಕಳಿಗೆ ಮಾತ್ರ ಇದು ಎರಡು ಭಾಷೆಯ ಅಂಗಳ. ಅಜ್ಜಿ ಒಂದು ಭಾಷೆಯಲ್ಲಿ ತೂಗಿ ಮಲಗಿಸುತ್ತಾಳೆ, ಓಣಿಯ ಗೆಳೆಯರು ಇನ್ನೊಂದರಲ್ಲಿ ಹಾಡುತ್ತಾರೆ. ಉತ್ತರಕ್ಕೆ ಕೊಲ್ಲಾಪುರ, ಅಲ್ಲಿ ಶಾಹೂ ಮಹಾರಾಜರ ಆಸ್ಥಾನದಲ್ಲಿ ಅಲ್ಲಾದಿಯಾ ಖಾನರು ಹಾಡಿದರು. ಆಚೆಗೆ ಕೃಷ್ಣೆಯ ಬಳಿ ಮಿರಜ; ಅದು ಅಬ್ದುಲ್ ಕರೀಂ ಖಾನರು ನೆಲೆಸಿದ ಊರು, ತಂಬೂರಿ ಮಾಡುವವರ ಊರು. ದಕ್ಷಿಣಕ್ಕೆ ಬೆಳಗಾವಿ, ಧಾರವಾಡ. 1956ರ ನವೆಂಬರ್ ತನಕ ಇವೆಲ್ಲವೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ರಾಜ್ಯದ ಗಡಿ ಬಂದ ಮೇಲೂ ಹಾಡುಗಳು ಓಡಾಡುವುದನ್ನು ಬಿಡಲಿಲ್ಲ.

ತೊಟ್ಟಿಲು ಮತ್ತು ಬೀಸುಕಲ್ಲು

ಮೊದಲು ತೊಟ್ಟಿಲಿನಿಂದ ಹೊರಡೋಣ. ಬಿಜಾಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನರು ಮತ್ತು ಅವರ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂಬ ಸಂಗ್ರಹವನ್ನು ಹೊರತಂದರು. ಮರಾಠಿಯಲ್ಲಿ ಸಾನೆ ಗುರೂಜಿಯವರು ಅದೇ ಬಗೆಯ ಓವಿಗಳನ್ನು ಸಂಗ್ರಹಿಸಿ 'ಸ್ತ್ರೀ ಜೀವನ' ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಓದಿದವರಿಗೆ ಭಾಷೆ ಬೇರೆಯಾದರೂ ಸಂಕಟ ಒಂದೇ ಎಂಬುದು ಕೂಡಲೇ ತಿಳಿಯುತ್ತದೆ. ಅಲ್ಲಿರುವುದು ತವರಿನ ನೆನಪು, ಅಣ್ಣ ಕರೆಯಲು ಬರಲಿಲ್ಲವೆಂಬ ಕೊರಗು, ಕೂಸಿನ ಚೆಲುವು, ಅತ್ತೆಯ ಮನೆಯ ಬೇಸರ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಜೋಗುಳವನ್ನು ನಾವು ಮಕ್ಕಳ ಹಾಡೆಂದು ಕರೆಯುತ್ತೇವೆ. ಆದರೆ ಅದರಲ್ಲಿ ತುಂಬಿರುವುದು ಬಹುಮಟ್ಟಿಗೆ ತಾಯಿಯ ಭಾವನೆ. ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಕೂತ ಹೆಂಗಸು ತೊಡೆಯ ಮೇಲೆ ಕೂಸನ್ನು ಹಾಕಿಕೊಂಡು ಹಾಡುವಾಗ, ಹಗಲಿನಲ್ಲಿ ಯಾರ ಮುಂದೆಯೂ ಆಡಲಾಗದ ಮಾತನ್ನು ಆ ಕೂಸಿನ ಕಿವಿಗೆ ಹಾಕುತ್ತಿದ್ದಳು. ಕೂಸಿಗೆ ಪದಗಳ ಅರ್ಥ ತಿಳಿಯದು, ದನಿ ತಿಳಿಯುತ್ತದೆ. ಹುಟ್ಟಿದ ಎರಡು ಮೂರು ದಿನದೊಳಗಿನ ಶಿಶು ಬೇರೆ ಹೆಂಗಸರ ದನಿಗಿಂತ ತಾಯಿಯ ದನಿಯನ್ನೇ ಬಯಸುತ್ತದೆಂಬುದನ್ನು ಅಮೆರಿಕದ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ಸಂಶೋಧಕರು 1980ರಲ್ಲಿ ತೋರಿಸಿದರು. ಶಿಶುವಿನ ಬಾಯಿಗೆ ಚೀಪುವ ರಬ್ಬರು ಕೊಟ್ಟು, ಚೀಪುವ ಗತಿ ಬದಲಾದರೆ ಕೇಳಿಸುವ ದನಿಯೂ ಬದಲಾಗುವಂತೆ ಏರ್ಪಾಟು ಮಾಡಿದ್ದರು. ಶಿಶುಗಳು ತಾಯಿಯ ದನಿ ಬರುವ ಗತಿಯಲ್ಲೇ ಚೀಪತೊಡಗಿದವು. ಶಿಶುವೂ ಪಶುವೂ ಹಾವೂ ಗಾನದ ರಸವನ್ನು ಅರಿಯುತ್ತವೆ ಎಂಬ ನಮ್ಮ ಹಿರಿಯರ ಮಾತಿನಲ್ಲಿ ಹಾವಿನ ವಿಷಯ ಹೇಗೋ ಏನೋ, ಶಿಶುವಿನ ವಿಷಯ ನಿಜ.

ಹಾಗಾದರೆ ಅಂದಿನ ಕೂಸು ಸಂಗೀತದಿಂದ ತನ್ನ ಭಾವನೆಯನ್ನು ಹೇಳಿಕೊಳ್ಳುತ್ತಿತ್ತೆ? ಮೊದಲು ಅದು ತಾಯಿಯ ಭಾವನೆಯನ್ನು ಕಲಿಯುತ್ತಿತ್ತು. ಬೇಸರದ ದನಿ ಯಾವುದು, ಮುದ್ದಿನ ದನಿ ಯಾವುದು ಎಂಬ ಮೊದಲ ಪಾಠ ಅಲ್ಲಿಯೇ ಆಗುತ್ತಿತ್ತು. ಬೀಸುಕಲ್ಲು ಹೋಗಿ ಹಿಟ್ಟಿನ ಗಿರಣಿ ಬಂದಾಗ ಹೆಣ್ಣುಮಕ್ಕಳ ರಟ್ಟೆಗೆ ಬಿಡುವು ಸಿಕ್ಕಿತು, ಅದು ಸಣ್ಣ ಉಪಕಾರವಲ್ಲ. ಆದರೆ ದಿನಕ್ಕೆ ಒಂದೆರಡು ಗಂಟೆ ತಾಯಿಯ ದನಿಯನ್ನು ಹತ್ತಿರದಿಂದ ಕೇಳುವ ಕೂಸಿನ ಅವಕಾಶವೂ ಅದರೊಂದಿಗೆ ಹೋಯಿತು.

ಮನೆಯಿಂದ ಹೊರಗೆ ಬಂದರೆ ಬಯಲಿನ ಸಂಗೀತ. ನಿಪ್ಪಾಣಿ ಭಾಗದಲ್ಲಿ ಅಪ್ಪಾಚಿವಾಡಿಯ ಹಾಲಸಿದ್ಧನಾಥನ ಜಾತ್ರೆಯೆಂದರೆ ಡೊಳ್ಳಿನ ಸದ್ದು, ಧನಗರರ ಓವಿ, ಮುಂದಿನ ಮಳೆ ಬೆಳೆಯ ಭವಿಷ್ಯ ನುಡಿಯುವ ಭಾಕಣೂಕ. ಆಷಾಢದಲ್ಲಿ ಪಂಢರಪುರಕ್ಕೆ ಹೊರಟ ದಿಂಡಿಯ ತಾಳ. ಮೊಹರಮ್ಮಿನಲ್ಲಿ ಕರ್ಬಲದ ಪದ. ಶ್ರಾವಣದಲ್ಲಿ ಗುಡಿಯ ಭಜನೆ. ಗೋಕಾಕ ಸೀಮೆಯ ಕಡೆಯಿಂದ ಬರುವ ಶ್ರೀಕೃಷ್ಣ ಪಾರಿಜಾತದ ಆಟ. ಇವುಗಳಲ್ಲಿ ಯಾವುದೂ ಮಕ್ಕಳಿಗಾಗಿ ಏರ್ಪಾಟಾದದ್ದಲ್ಲ. ಆದರೂ ಮಕ್ಕಳು ಎಲ್ಲದರ ಮುಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕೂತು, ನಡುವೆ ನಿದ್ದೆ ಹೋಗಿ, ಡೊಳ್ಳಿನ ಪೆಟ್ಟಿಗೆ ಬೆಚ್ಚಿ ಎದ್ದು ಮತ್ತೆ ಕೇಳುತ್ತಿದ್ದರು. ಯಾವ ಹುಡುಗ ಯಾವ ಪದಕ್ಕೆ ಕಣ್ಣೊರೆಸಿಕೊಂಡ, ಯಾವುದಕ್ಕೆ ಎದ್ದು ಕುಣಿದ ಎಂಬುದು ಊರಿನ ಕಣ್ಣಿಗೆ ಬೀಳುತ್ತಿತ್ತು. ಅಂದಿನವರು ಮಕ್ಕಳನ್ನು ನಮಗಿಂತ ಚೆನ್ನಾಗಿ ಅರಿತಿದ್ದರೆಂದು ಹೇಳುವುದು ಅತಿಶಯೋಕ್ತಿಯಾದೀತು. ನೋಡುವ ಅವಕಾಶ ಅವರಿಗೆ ಹೆಚ್ಚಾಗಿತ್ತು, ಅಷ್ಟೇ.

ಆ ಅವಕಾಶವನ್ನು ಚೆನ್ನಾಗಿ ಬಳಸಿಕೊಂಡ ಒಬ್ಬ ಹಿರಿಯರನ್ನು ಇಲ್ಲಿ ನೆನೆಯಬೇಕು. 1910ರಲ್ಲಿ ಧಾರವಾಡದ ಹತ್ತಿರದ ಮನಸೂರಿನಲ್ಲಿ ಹುಟ್ಟಿದ ಮಲ್ಲಿಕಾರ್ಜುನರಿಗೆ ಶಾಲೆ ಹಿಡಿಸಲಿಲ್ಲ. ಅಣ್ಣನ ಬೆನ್ನು ಹತ್ತಿ ವಾಮನರಾವ್ ಮಾಸ್ತರರ ನಾಟಕ ಕಂಪನಿ ಸೇರಿ ಬಾಲಪಾತ್ರಗಳಲ್ಲಿ ಹಾಡತೊಡಗಿದರು. ಜನ ಚಪ್ಪಾಳೆ ತಟ್ಟಿದರು, ಮತ್ತೊಮ್ಮೆ ಹಾಡು ಎಂದರು. ಮಿರಜದ ನೀಲಕಂಠಬುವಾ ಆಲೂರಮಠರು ಆ ಹುಡುಗನ ಹಾಡು ಕೇಳಿ ಚಪ್ಪಾಳೆಗೆ ನಿಲ್ಲಲಿಲ್ಲ. ಇವನು ಕಂಪನಿಯಲ್ಲಿ ಸವೆದು ಹೋಗಬಾರದೆಂದು ಮಿರಜಕ್ಕೆ ಕರೆದುಕೊಂಡು ಹೋಗಿ ಸುಮಾರು ಆರು ವರ್ಷ ಗ್ವಾಲಿಯರ್ ಪರಂಪರೆಯ ಪಾಠ ಹೇಳಿದರು. ಶಾಲೆ ತಪ್ಪಿಸುವ ಹುಡುಗನನ್ನು ದಡ್ಡನೆಂದು ಬಗೆಯುವುದು ಸುಲಭ. ಅವನು ಎಲ್ಲಿ ಓಡುತ್ತಾನೆಂದು ನೋಡಿದವರು ವಿರಳ.

ಕಹಳೆಯ ಮುಂದೆ ನಿಂತ ಮಕ್ಕಳು

ಈಗ ಈ ಚರಿತ್ರೆಯ ಬಹು ದೊಡ್ಡ ತಿರುವಿಗೆ ಬರೋಣ. ಭಾರತದಲ್ಲಿ ಗ್ರಾಮಫೋನ್ ತಟ್ಟೆಗಾಗಿ ಧ್ವನಿಮುದ್ರಣ ಶುರುವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಅಲ್ಲಿಂದ ಇಪ್ಪತ್ತು ವರ್ಷದೊಳಗೆ ಕಹಳೆಯ ಆ ಯಂತ್ರ ನಮ್ಮ ಪೇಟೆಗಳ ಚಹಾದಂಗಡಿಗಳಿಗೂ ಬಂತು. ಬಯಲಾಟ ವರ್ಷಕ್ಕೊಮ್ಮೆ, ಭಜನೆ ವಾರಕ್ಕೊಮ್ಮೆ. ತಟ್ಟೆ ಹಾಗಲ್ಲ, ಕೀಲಿ ಕೊಟ್ಟಷ್ಟು ಸಲ ಅದೇ ಹಾಡನ್ನು ಅದೇ ದನಿಯಲ್ಲಿ ಹಾಡುತ್ತದೆ. ಒಂದು ಮಗು ತನಗೆ ಬೇಕಾದ ಹಾಡನ್ನು ಮತ್ತೆ ಮತ್ತೆ ಕೇಳುವುದು ಮೊದಲ ಬಾರಿಗೆ ಸಾಧ್ಯವಾಯಿತು. ಮತ್ತೆ ಮತ್ತೆ ಎಂಬ ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮಗು ಕೇಳುವ ಹಾಡಿನಿಂದ ಅದರ ಮನಸ್ಸನ್ನು ಊಹಿಸಲು ನಮಗೆ ಸಿಗುವ ಮೊದಲ ಸುಳಿವು ಅದೇ.

ಗದಗಿನ ಗುರುರಾಜ ಜೋಶಿಯವರು ಶಾಲಾ ಮಾಸ್ತರರು. 1922ರಲ್ಲಿ ಹುಟ್ಟಿದ ಅವರ ಹಿರಿಯ ಮಗ ಭೀಮಸೇನನಿಗೆ ಚಿಕ್ಕಂದಿನಿಂದಲೇ ಒಂದು ಚಟ. ಭಜನೆಯ ಮೇಳ ಹೋಗಲಿ, ಬ್ಯಾಂಡಿನ ಮೆರವಣಿಗೆ ಹೋಗಲಿ, ಅದರ ಹಿಂದೆ ಹೊರಟುಬಿಡುವುದು. ದಣಿದರೆ ಎಲ್ಲೋ ಒಂದು ಕಡೆ ಮಲಗಿಬಿಡುವುದು. ಹುಡುಕಿ ಹುಡುಕಿ ಬೇಸತ್ತ ತಂದೆ ಕಡೆಗೆ ಮಗನ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆಸಿದರಂತೆ. ಸಿಕ್ಕವರು ಓದಿಕೊಂಡು ಮನೆಗೆ ತಂದು ಬಿಡುತ್ತಿದ್ದರು. ಇದನ್ನು ಎಲ್ಲರೂ ತಮಾಷೆಯಾಗಿ ಹೇಳುತ್ತಾರೆ. ತಮಾಷೆಯಾಚೆಗೆ ಇದರಲ್ಲಿ ಒಬ್ಬ ತಂದೆಯ ಒಳ್ಳೆಯತನವೂ ಇದೆ. ಮಗನನ್ನು ಕಟ್ಟಿಹಾಕಲಿಲ್ಲ, ಸದ್ದಿನ ಹಿಂದೆ ಹೋಗುವವನು ಸುರಕ್ಷಿತವಾಗಿ ಮರಳಲಿ ಎಂದು ವ್ಯವಸ್ಥೆ ಮಾಡಿದರು.

ಅಂಥ ತಂದೆಗೂ ಮುಂದಿನದು ಕಾಣಲಿಲ್ಲ. ಹುಡುಗ ಶಾಲೆಯಿಂದ ಬರುವ ದಾರಿಯಲ್ಲಿ ಒಂದು ಅಂಗಡಿಯ ಮುಂದೆ ನಿಂತು ತಟ್ಟೆಯಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮ್ರಿಯನ್ನು ಕೇಳಿದ. ಹಾಗೆ ಹಾಡಬೇಕು, ಹಾಗೆ ಹಾಡಲು ಕಲಿಸುವವರು ಬೇಕು ಎಂಬುದು ಮನಸ್ಸಿನಲ್ಲಿ ಕುದಿಯತೊಡಗಿತು. 1933ರ ಒಂದು ದಿನ ಊಟಕ್ಕೆ ಕೂತಾಗ ಅನ್ನಕ್ಕೆ ಇನ್ನಷ್ಟು ತುಪ್ಪ ಬೇಕೆಂದು ತಾಯಿಯ ಜೊತೆ ಜಗಳ ತೆಗೆದು, ಹನ್ನೊಂದು ವರ್ಷದ ಹುಡುಗ ಮನೆ ಬಿಟ್ಟು ಹೋದ. ರೈಲುಗಳಲ್ಲಿ ಟಿಕೇಟಿಲ್ಲದೆ, ಹಾಡಿ ಹೊಟ್ಟೆ ಹೊರೆದುಕೊಂಡು ಗ್ವಾಲಿಯರ್, ಜಾಲಂಧರದವರೆಗೂ ಅಲೆದ. ತಂದೆ ಹುಡುಕಿ ಮನೆಗೆ ಕರೆತಂದರು. 1936ರಲ್ಲಿ ಮನೆಯಿಂದ ದೂರವಲ್ಲದ ಕುಂದಗೋಳದಲ್ಲಿಯೇ, ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರಾದ ಸವಾಯಿ ಗಂಧರ್ವರು ಗುರುವಾಗಿ ದೊರೆತರು.

ಈ ತುಪ್ಪದ ಕಥೆಗೂ ಸಭೆಗಳಲ್ಲಿ ನಗು ಏಳುತ್ತದೆ. ನನಗೆ ಮಾತ್ರ ನಗು ಬರುವುದಿಲ್ಲ. ಮೂರು ವರ್ಷದ ಅಲೆದಾಟ, ಹೆತ್ತವರ ಕಣ್ಣೀರು, ಇವಕ್ಕೆ ಕಾರಣ ತುಪ್ಪವೆಂದು ಯಾರು ನಂಬಿಯಾರು? ಮನೆಯವರ ಕಣ್ಣಿಗೆ ಬಿದ್ದದ್ದು ಊಟದ ತಟ್ಟೆ; ಹುಡುಗನ ಕಿವಿಯಲ್ಲಿ ತಿರುಗುತ್ತಿದ್ದದ್ದು ಬೇರೆ ತಟ್ಟೆ. ದಿನವೂ ಶಾಲೆಯಿಂದ ತಡವಾಗಿ ಬರುವ ಮಗ ಎಲ್ಲಿ ನಿಲ್ಲುತ್ತಾನೆ, ಅಲ್ಲಿ ಯಾವ ಹಾಡು ಕೇಳಿಸುತ್ತದೆ ಎಂದು ಒಬ್ಬರು ಹೋಗಿ ನೋಡಿದ್ದರೆ ಕುಂದಗೋಳದ ದಾರಿ ಮೂರು ವರ್ಷ ಮೊದಲೇ ತೆರೆಯುತ್ತಿತ್ತೇನೋ. ಅವರು ಮುಂದೆ ಭಾರತರತ್ನರಾದ್ದರಿಂದ ಕಥೆ ಸುಖಾಂತವಾಯಿತು. ಹಾಗೆ ರೈಲು ಹತ್ತಿದ ಎಲ್ಲ ಮಕ್ಕಳ ಕಥೆಯೂ ಹಾಗೆ ಮುಗಿಯುವುದಿಲ್ಲ.

ಇದಕ್ಕೆ ಎದುರಾಗಿ ಧಾರವಾಡದ ಅಂಬಾಬಾಯಿಯವರನ್ನು ನೋಡಿ. ಅವರು ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಅಬ್ದುಲ್ ಕರೀಂ ಖಾನರೇ ಅವರ ಹಾಡು ಕೇಳಲು ಮನೆಗೆ ಬರುತ್ತಿದ್ದರು. 1913ರಲ್ಲಿ ಹುಟ್ಟಿದ ಅವರ ಮಗಳು ಗಂಗೂಬಾಯಿ, ಬೀದಿಯಲ್ಲಿ ಗ್ರಾಮಫೋನಿನ ದನಿ ಕೇಳಿದರೆ ಸಾಕು, ಹೊರಗೆ ಓಡುತ್ತಿದ್ದಳು. ಆ ಕಹಳೆಯಿಂದ ಬರುತ್ತಿದ್ದದ್ದು ಹಿಂದೂಸ್ತಾನಿ ಗಾಯಕಿಯರ ದನಿ. ಮಗಳ ಒಲವು ಯಾವ ಕಡೆಗಿದೆಯೆಂದು ತಾಯಿ ಕಂಡುಕೊಂಡರು. ತಮ್ಮ ಹಾಡಿಕೆಯ ಛಾಯೆ ಮಗಳ ಕಂಠದ ಮೇಲೆ ಬೀಳಬಾರದೆಂದು ತಾವು ಕರ್ನಾಟಕ ಸಂಗೀತ ಹಾಡುವುದನ್ನೇ ನಿಲ್ಲಿಸಿದರು. ಗಂಗೂಬಾಯಿ ಹಾನಗಲ್ಲರು ಇದನ್ನು ಮುಂದೆ ಎಷ್ಟೋ ಸಲ ನೆನೆದುಕೊಂಡಿದ್ದಾರೆ. ಮಗಳು ಬೀದಿಗೆ ಓಡುವುದನ್ನು ಅಶಿಸ್ತೆಂದು ಗದರಿಸದೆ, ಓಡುವ ದಿಕ್ಕನ್ನು ನೋಡಿದ ತಾಯಿ ಇವರು. ಇದಕ್ಕಾಗಿ ತೆತ್ತ ಬೆಲೆ ಅವರ ಸ್ವಂತ ಸಂಗೀತ. ಎಲ್ಲರಿಂದಲೂ ಇಷ್ಟನ್ನು ನಿರೀಕ್ಷಿಸಲಾಗದು, ನಿರೀಕ್ಷಿಸಲೂಬಾರದು.

ಬೆಳಗಾವಿಯ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠನದು ಇನ್ನೂ ಬೇರೆ ಬಗೆ. ಆರೇಳು ವರ್ಷದ ಈ ಹುಡುಗ ತಟ್ಟೆಯಲ್ಲಿ ಕೇಳಿದ ದೊಡ್ಡ ದೊಡ್ಡ ಗಾಯಕರ ಹಾಡನ್ನು ತಾನು ಹಾಗೆಯೇ ಹಾಡಿ ತೋರಿಸತೊಡಗಿದ. ಕರೀಂ ಖಾನರಂತೆ ಕೇಳಿದರೆ ಕರೀಂ ಖಾನರಂತೆ. ಮಠದ ಸ್ವಾಮಿಗಳು 'ಕುಮಾರ ಗಂಧರ್ವ' ಎಂದು ಕರೆದರು. ಊರೂರಿಗೆ ಕಚೇರಿಗಳಾದವು, ಬಂಗಾರದ ಪದಕಗಳು ಬಂದವು. ಹತ್ತು ವರ್ಷದ ಹುಡುಗನ ಬಾಯಲ್ಲಿ ವಿರಹದ ಠುಮ್ರಿ ಕೇಳಿ ದೊಡ್ಡವರು ತಲೆದೂಗಿದರು. ಆ ವಿರಹ ಹುಡುಗನದೆ? ಅಲ್ಲ. ಹುಡುಗನ ಭಾವನೆ ಏನೆಂದು ಆ ಸಭೆಗಳಲ್ಲಿ ಯಾರಿಗೂ ತಿಳಿಯಲು ಅವಕಾಶವೇ ಇರಲಿಲ್ಲ. ಮಿರಜದಲ್ಲಿ ಹುಟ್ಟಿ ಮುಂಬಯಿಯಲ್ಲಿ ಸಂಗೀತ ಶಾಲೆ ನಡೆಸುತ್ತಿದ್ದ ಬಿ. ಆರ್. ದೇವಧರರ ಬಳಿಗೆ ತಂದೆ ಮಗನನ್ನು ಕರೆದೊಯ್ದ ಮೇಲೆ, ಈ ಅನುಕರಣೆಯಾಚೆಗೆ ಹುಡುಗನದೇ ಆದ ದನಿಗೆ ಕ್ರಮವಾದ ಪಾಠ ದೊರೆಯಿತು. ಕುಮಾರರು ಬೆಳೆದ ಮೇಲೆ ಯಾರ ಹಾಗೂ ಹಾಡಲಿಲ್ಲವೆಂಬುದು ಎಲ್ಲರಿಗೂ ಗೊತ್ತಿದೆ. ಇಂದು ಕಿರುತೆರೆಯ ಸ್ಪರ್ಧೆಗಳಲ್ಲಿ ಎಂಟು ಹತ್ತು ವರ್ಷದ ಮಕ್ಕಳು ದೊಡ್ಡವರ ಪ್ರೇಮಗೀತೆಗಳನ್ನು ಹಾವಭಾವ ಸಹಿತ ಹಾಡುವಾಗ ನನಗೆ ಸುಳೇಭಾವಿಯ ಆ ಹುಡುಗನ ನೆನಪಾಗುತ್ತದೆ.

ಹಾಡುವ ಹಾಡಿಗೂ ಮಗುವಿನ ಭಾವನೆಗೂ ಎಷ್ಟು ದೂರವಿರಬಹುದು ಎಂಬುದಕ್ಕೆ ಇನ್ನೊಂದು ನಿದರ್ಶನ ಬೆಳಗಾವಿಯಲ್ಲಿಯೇ ಇದೆ. 1924ರ ಡಿಸೆಂಬರಿನಲ್ಲಿ ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ ಅಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತಗೀತೆಗೆ ದನಿಗೂಡಿಸಿದವರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿಯೂ ಒಬ್ಬಳು. ಸಭೆಯ ತುಂಬ ಉತ್ಸಾಹ, ದೇಶಾಭಿಮಾನ, ಕನ್ನಡಾಭಿಮಾನ. ಬಾಲಕಿಯ ಮನಸ್ಸಿನಲ್ಲಿದ್ದದ್ದು ಬೇರೆ. ತಾನು ಹಾಡುವವರ ಮನೆಯವಳು, ಕೆಳಗಿನ ಜಾತಿಯವಳು. ಊಟದ ಹೊತ್ತಿಗೆ ತನ್ನನ್ನು ಬೇರೆ ಕೂರಿಸುತ್ತಾರೇನೋ, ಎಲೆ ತೆಗೆಯಲು ಹೇಳುತ್ತಾರೇನೋ ಎಂಬ ಅಂಜಿಕೆ. ಗಂಗೂಬಾಯಿಯವರೇ ದೊಡ್ಡವರಾದ ಮೇಲೆ ಇದನ್ನು ಹೇಳಿದರು. ಅಂದು ಆ ಹಾಡನ್ನು ಕೇಳಿದ ಸಾವಿರಾರು ಜನರಲ್ಲಿ ಎಷ್ಟು ಮಂದಿ ಆ ಮಗುವಿನ ಮುಖವನ್ನು ನೋಡಿರಬಹುದು?

ರೇಡಿಯೊ ಮತ್ತು ಹಿರಿಯರ ಆತಂಕ

ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಸಾಂಗ್ಲಿಯ ಕೇಂದ್ರ 1963ರಲ್ಲಿ. ಗಡಿನಾಡಿನ ಮನೆಗಳಲ್ಲಿ ರೇಡಿಯೊದ ಮುಳ್ಳನ್ನು ಒಂದಿಷ್ಟು ಈಚೆ ತಿರುಗಿಸಿದರೆ ಕನ್ನಡ, ಒಂದಿಷ್ಟು ಆಚೆ ತಿರುಗಿಸಿದರೆ ಮರಾಠಿ. ಮಕ್ಕಳು ಬೇಕೆಂದದ್ದು ಬಹಳ ಸಲ ಎರಡೂ ಅಲ್ಲ, ಹಿಂದಿ ಚಿತ್ರಗೀತೆ. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಗಳಾದ ಬಿ. ವಿ. ಕೇಸ್ಕರರು ಸ್ವತಃ ಶಾಸ್ತ್ರೀಯ ಸಂಗೀತ ಬಲ್ಲವರು. ಚಿತ್ರಗೀತೆಗಳು ಎಳೆಯರ ಅಭಿರುಚಿಯನ್ನು ಕೆಡಿಸುತ್ತವೆಂದು ನಂಬಿ ಅವನ್ನು ಆಕಾಶವಾಣಿಯಿಂದ ಬಹುಮಟ್ಟಿಗೆ ದೂರವಿಟ್ಟರು. ಫಲವೇನಾಯಿತು? ಅದೇ ವರ್ಷದ ಕೊನೆಯಲ್ಲಿ ರೇಡಿಯೊ ಸಿಲೋನಿನಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಆರಂಭವಾಯಿತು. ಬುಧವಾರದ ರಾತ್ರಿ ಮಕ್ಕಳ ಕಿವಿ ದೇಶದ ಹೊರಗೆ ಹೋಯಿತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿದ ಮೇಲೆ ಸರ್ಕಾರವೇ ಚಿತ್ರಗೀತೆಗಳಿಗೆ ಬಾಗಿಲು ತೆರೆಯಿತು. ಇದೇ ಆಕಾಶವಾಣಿ 1940ರಿಂದ 1971ರ ತನಕ ಹಾರ್ಮೋನಿಯಂ ವಾದ್ಯವನ್ನೂ ದೂರವಿಟ್ಟಿತ್ತು. ಹಳ್ಳಿಯ ಪ್ರತಿ ಭಜನೆಯಲ್ಲೂ ಇದ್ದ ಪೇಟಿ ರೇಡಿಯೊದಲ್ಲಿ ಇರಲಿಲ್ಲ ಎಂಬುದನ್ನು ಇಂದಿನವರು ನಂಬಲಾರರು.

ಈ ಆತಂಕ ಹೊಸದೂ ಅಲ್ಲ, ನಮ್ಮದಷ್ಟೇ ಅಲ್ಲ. ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆ ಗ್ರೀಸಿನ ಪ್ಲೇಟೋ ತನ್ನ 'ರಿಪಬ್ಲಿಕ್' ಗ್ರಂಥದಲ್ಲಿ ಗೋಳಿನ ಧಾಟಿಗಳನ್ನೂ ಮೈಮರೆಸುವ ಧಾಟಿಗಳನ್ನೂ ಎಳೆಯರ ಶಿಕ್ಷಣದಿಂದ ಹೊರಗಿಡಬೇಕೆಂದು ಹೇಳಿದ್ದ. ನಮ್ಮ ನಾಟ್ಯಶಾಸ್ತ್ರವು ಒಂದೊಂದು ಸ್ವರಕ್ಕೆ ಒಂದೊಂದು ರಸವನ್ನು ಹೇಳಿತು: ಷಡ್ಜ ರಿಷಭಗಳಿಗೆ ವೀರ, ರೌದ್ರ, ಅದ್ಭುತ, ಗಾಂಧಾರ ನಿಷಾದಗಳಿಗೆ ಕರುಣ, ಮಧ್ಯಮ ಪಂಚಮಗಳಿಗೆ ಹಾಸ್ಯ ಶೃಂಗಾರ. ಇವೆಲ್ಲದರ ಹಿಂದೆ ಇರುವ ಎಣಿಕೆ ಒಂದೇ. ಹಾಡಿನಲ್ಲಿ ಯಾವ ಭಾವವಿದೆಯೋ ಕೇಳುವವನಲ್ಲೂ ಅದೇ ಭಾವ ಹುಟ್ಟುತ್ತದೆ, ಆದ್ದರಿಂದ ಹಾಡನ್ನು ನೋಡಿದರೆ ಕೇಳುವವನನ್ನು ನೋಡಿದಂತೆ. ಹಿರಿಯರು ಹಾಡಿನ ಮೇಲೆ ತೀರ್ಪು ಕೊಟ್ಟು, ಮಗುವಿನ ಮೇಲೂ ತೀರ್ಪು ಕೊಟ್ಟಂತಾಯಿತೆಂದು ಸುಮ್ಮನಾದದ್ದಕ್ಕೆ ಇದೇ ಕಾರಣ.

ಈ ಎಣಿಕೆಯಲ್ಲಿ ಅರ್ಧ ಮಾತ್ರ ಸತ್ಯವಿದೆ. ಹಾಡಿನ ಭಾವವನ್ನು ಗುರುತಿಸುವ ಶಕ್ತಿ ಮಕ್ಕಳಲ್ಲಿದೆ, ಅದು ವಯಸ್ಸಿಗೆ ತಕ್ಕಂತೆ ಬೆಳೆಯುತ್ತದೆ. ಐದು ವರ್ಷದ ಮಗು ಮುಖ್ಯವಾಗಿ ವೇಗವನ್ನು ಹಿಡಿದು ಇದು ಸಂತೋಷದ್ದು, ಇದು ದುಃಖದ್ದು ಎನ್ನುತ್ತದೆ. ಆರರಿಂದ ಎಂಟು ವರ್ಷದ ಹೊತ್ತಿಗೆ ಸ್ವರಗಳ ಏರ್ಪಾಟನ್ನೂ ಗಮನಿಸತೊಡಗುತ್ತದೆ ಎಂದು ಪಾಶ್ಚಾತ್ಯ ಸಂಗೀತವನ್ನು ಕೇಳಿಸಿ ನಡೆಸಿದ ಸಂಶೋಧನೆಯೊಂದು 2001ರಲ್ಲಿ ತೋರಿಸಿತು. ಹಲಗಿಯ ಸದ್ದಿಗೆ ಎಳೆಯ ಮಗು ನಗುವುದು, ಜೋಗುಳದ ನಿಧಾನಕ್ಕೆ ತಣ್ಣಗಾಗುವುದು ನಮಗೆ ಗೊತ್ತಿರುವುದೇ. ಹಿಂದೂಸ್ತಾನಿ ಸಂಗೀತದ ಪರಿಚಯವೇ ಇಲ್ಲದ ಕೆನಡಾದ ಕೇಳುಗರು ರಾಗಗಳಲ್ಲಿನ ಹರ್ಷ, ಶೋಕ, ಕೋಪಗಳನ್ನು ಗುರುತಿಸಿದರೆಂದು 1999ರಲ್ಲಿ ಬಾಲ್ಕ್‌ವಿಲ್ ಮತ್ತು ಥಾಂಪ್ಸನ್ ಬರೆದರು. ಶಾಂತವನ್ನು ಗುರುತಿಸುವುದು ಮಾತ್ರ ಅವರಿಗೆ ಕಷ್ಟವಾಯಿತು. ಆದರೆ ಗುರುತಿಸುವುದು ಬೇರೆ, ಅನುಭವಿಸುವುದು ಬೇರೆ. ಶೋಕದ ಹಾಡನ್ನು ಬಯಸಿ ಕೇಳುವ ಹದಿನಾಲ್ಕರ ಹುಡುಗಿ ಶೋಕದಲ್ಲೇ ಇರಬೇಕೆಂದಿಲ್ಲ. ಆ ಹಾಡು ಅವಳಿಗೆ ಸಮಾಧಾನ ಕೊಡುತ್ತಿರಬಹುದು, ಅಥವಾ ಅದನ್ನು ಮೆಚ್ಚುವ ಗೆಳತಿ ಅವಳಿಗೆ ಬೇಕಾಗಿರಬಹುದು. ಕುಣಿಯುವ ಹಾಡನ್ನು ಎತ್ತರದ ದನಿಯಲ್ಲಿ ಹಾಕಿಕೊಳ್ಳುವ ಹುಡುಗ, ಪಕ್ಕದ ಕೋಣೆಯಲ್ಲಿ ನಡೆಯುತ್ತಿರುವ ಅಪ್ಪ ಅಮ್ಮನ ಜಗಳ ಕೇಳಿಸದಿರಲಿ ಎಂದು ಹಾಕಿಕೊಂಡಿರಬಹುದು.

ಗಡಿನಾಡಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಕನ್ನಡದ ಮನೆಯ ಮಗ ಮರಾಠಿ ಹಾಡನ್ನೇ ಕೇಳುತ್ತಾನೆ, ಮರಾಠಿ ಮನೆಯ ಮಗಳು ಕನ್ನಡ ಚಿತ್ರಗೀತೆಯನ್ನೇ ಗುನುಗುತ್ತಾಳೆ ಎಂದಾಗ ಹಿರಿಯರಿಗೆ ಅದು ಭಾಷೆಯ ವಿಷಯವಾಗಿ ಕಾಣುತ್ತದೆ. ಮನೆತನದ ಮರ್ಯಾದೆಯ ವಿಷಯವೂ ಆದೀತು. ಮಗುವಿಗೆ ಅದು ಯಾರ ಜೊತೆ ಶಾಲೆಗೆ ಹೋಗುತ್ತೇನೆ, ಯಾರ ಜೊತೆ ಗಣಪತಿಯ ಮೆರವಣಿಗೆಯಲ್ಲಿ ಕುಣಿದೆ ಎಂಬುದರ ವಿಷಯ. ಆ ಹಾಡನ್ನು ಮನೆಯಲ್ಲಿ ಬೈದರೆ ಮಗುವಿಗೆ ಕೇಳಿಸುವುದು ತನ್ನ ಗೆಳೆಯನಿಗೆ ಬೈದಂತೆ. ಮುಂದಿನ ಸಲ ಅದು ಆ ಹಾಡನ್ನು ಬಿಡುವುದಿಲ್ಲ, ನಮ್ಮ ಮುಂದೆ ಹಾಕುವುದನ್ನು ಬಿಡುತ್ತದೆ. ಕೇಸ್ಕರರ ಅನುಭವವೂ ಇಷ್ಟೇ ಅಲ್ಲವೆ?

ಒಬ್ಬರ ಕಿವಿಗೆ ಬಂದ ಹಾಡು

ಕ್ಯಾಸೆಟ್ಟಿನ ಕಾಲವನ್ನು ಬೇಗ ದಾಟಬಹುದು. 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ಟು ಬಂದು ಭಾವಗೀತೆಗಳು ಮನೆಮನೆ ಸೇರಿದವು. ಎಂಬತ್ತರ ದಶಕದಲ್ಲಿ ಅಗ್ಗದ ಕ್ಯಾಸೆಟ್ಟುಗಳು ಟ್ರ್ಯಾಕ್ಟರು, ಟೆಂಪೋ, ಹೋಟೆಲುಗಳನ್ನೆಲ್ಲ ಹಾಡಿಸಿದವು. ಆದರೂ ಹಾಡು ಗಾಳಿಯಲ್ಲಿಯೇ ಇತ್ತು. ಮಗ ಹಾಕಿದ ಹಾಡು ಅಡುಗೆಮನೆಯ ತಾಯಿಗೂ ಕೇಳಿಸುತ್ತಿತ್ತು, ಅವಳು ಬೇಡವೆಂದರೂ.

ನಿಜವಾದ ಬದಲಾವಣೆ ಬಂದದ್ದು ಕಿವಿಯೊಳಗೆ ಹಾಡು ಹೊಕ್ಕ ಮೇಲೆ. ಜಪಾನಿನ ಸೋನಿ ಕಂಪನಿ 1979ರಲ್ಲಿ ವಾಕ್‌ಮನ್ ಎಂಬ ಸಣ್ಣ ಟೇಪನ್ನು ಮಾರುಕಟ್ಟೆಗೆ ತಂದಾಗ ಅದರಲ್ಲಿ ಎರಡು ತೂತುಗಳಿದ್ದವು, ಇಬ್ಬರು ಒಟ್ಟಿಗೆ ಕೇಳಲೆಂದು. ಜೊತೆಗೆ ನಡುವೆ ಮಾತಾಡಲು ಒಂದು ಗುಂಡಿಯೂ ಇತ್ತು. ಒಬ್ಬನೇ ಕೇಳುವುದು ಅಸಭ್ಯವೆನಿಸೀತೆಂದು ಕಂಪನಿಯ ಮುಖ್ಯಸ್ಥ ಅಕಿಯೊ ಮೊರಿಟಾ ಅಂಜಿದ್ದರು. ಜನ ಒಬ್ಬೊಬ್ಬರೇ ಕೇಳಿದರು. ಮುಂದಿನ ಮಾದರಿಗಳಲ್ಲಿ ಆ ಎರಡನೆಯ ತೂತು ಕ್ರಮೇಣ ಹೋಯಿತು. ಇಂದು ಮೊಬೈಲು, ತಂತಿಯಿಲ್ಲದ ಇಯರ್‌ಫೋನು. ಕೊಗನೊಳ್ಳಿಯ ಬಸ್ ನಿಲ್ದಾಣದಲ್ಲಿ ನಿಪ್ಪಾಣಿಯ ಕಾಲೇಜಿಗೆ ಕಾಯುವ ಮಕ್ಕಳ ಕಿವಿಯಲ್ಲಿ ಏನಿದೆಯೆಂದು ಪಕ್ಕದಲ್ಲಿ ನಿಂತ ಅಪ್ಪನಿಗೂ ತಿಳಿಯದು. ಗದಗಿನ ಅಂಗಡಿಯ ಮುಂದೆ ನಿಂತ ಹುಡುಗನನ್ನು ಹೋಗಿ ನೋಡಬಹುದಿತ್ತು. ಇಲ್ಲಿ ಅಂಗಡಿಯೇ ಕಿವಿಯೊಳಗಿದೆ.

ಹೀಗಿರುವಾಗ ಕೇಳಿ ತಿಳಿಯುವುದೊಂದೇ ದಾರಿ. ಕೇಳುವುದಕ್ಕೂ ಒಂದು ರೀತಿಯಿದೆ. "ಅದೇನು ಹಾಡು ಅದು?" ಎಂದರೆ ಮಗುವಿಗೆ ಅದು ಪ್ರಶ್ನೆಯಾಗಿ ಕೇಳಿಸುವುದಿಲ್ಲ, ಬೈಗುಳವಾಗಿ ಕೇಳಿಸುತ್ತದೆ. "ನಿನ್ನೆಯಿಂದ ಒಂದೇ ಹಾಡು ಹಾಕತೀಯಲ್ಲ, ನನಗೂ ಒಮ್ಮೆ ಕೇಳಿಸು" ಎಂದರೆ ಹೆಚ್ಚಿನ ಮಕ್ಕಳು ಒಂದು ಕಿವಿಯದನ್ನು ಬಿಚ್ಚಿ ಕೊಡುತ್ತಾರೆ. ಹಾಡಿನ ಮಾತು ಹಿಡಿಸದಿರಬಹುದು, ಗದ್ದಲವೆನಿಸಬಹುದು. ಹಾಡು ಹೇಗಿದೆ ಎಂಬುದನ್ನು ಒಂದಿಷ್ಟು ಪಕ್ಕಕ್ಕಿಟ್ಟು, ಯಾವ ಹೊತ್ತಿನಲ್ಲಿ ಕೇಳುತ್ತಾನೆ, ಪರೀಕ್ಷೆಯ ಹಿಂದಿನ ರಾತ್ರಿಯೇ, ಶಾಲೆಯಿಂದ ಬಂದ ಕೂಡಲೆಯೇ, ಯಾರ ಜೊತೆ ಹಂಚಿಕೊಳ್ಳುತ್ತಾನೆ, ದಿನವೂ ಕೇಳುತ್ತಿದ್ದದ್ದನ್ನು ಯಾವಾಗ ನಿಲ್ಲಿಸಿದ ಎಂಬುದನ್ನು ನೋಡಬೇಕು. ನಿಲ್ಲಿಸಿದ್ದು ಬಹು ಮುಖ್ಯ. ಸದಾ ಗುನುಗುವ ಮಗು ವಾರಗಟ್ಟಲೆ ಯಾವ ಹಾಡನ್ನೂ ಕೇಳದೆ, ಊಟ ನಿದ್ದೆಗಳೂ ಕೆಟ್ಟು, ಗೆಳೆಯರಿಂದಲೂ ದೂರವಿದ್ದರೆ ಅದು ಸಂಗೀತದ ಮಾತಲ್ಲ, ವೈದ್ಯರನ್ನು ಕಾಣಬೇಕಾದ ಮಾತು. ಅದೊಂದನ್ನು ಬಿಟ್ಟರೆ ಉಳಿದದ್ದಕ್ಕೆ ಸಾಮಾನ್ಯವಾಗಿ ಮನೆಯವರ ಕಿವಿಯೇ ಸಾಕು. ಮಗು ಕೇಳಿಸಿದ ಹಾಡನ್ನು ನಡುವೆ ಮಾತಾಡದೆ ಕಡೆಯವರೆಗೆ ಕೇಳಬೇಕು. ಅದು ಮೂರು ನಾಲ್ಕು ನಿಮಿಷದ ಕೆಲಸ; ಗದಗಿನ ಅಂಗಡಿಯಲ್ಲಿ ತಿರುಗುತ್ತಿದ್ದ ಆ ತಟ್ಟೆಯ ಒಂದು ಬದಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತಿತ್ತು.